ಹಳದಿ ಗೆರೆಯ ಆಚೆಗೆ

ವಿಮಾನಕ್ಕೆ ಅಪಾಯವಿರುವುದು ಆಕಾಶದಲ್ಲಿ ಎಂದು ನಾವೆಲ್ಲರೂ ಭಾವಿಸುತ್ತೇವೆ. ಆದರೆ ವಿಮಾನಯಾನದ ಇತಿಹಾಸದಲ್ಲೇ ಅತ್ಯಂತ ಘೋರವಾದ ಅಪಘಾತ ನಡೆದುದು ವಿಮಾನ ನಿಲ್ದಾಣದ ಓಡುದಾರಿಯ ಮೇಲೆ. ಅಂಥ ಅವಘಡಗಳು ಹೇಗೆ ಸಂಭವಿಸುತ್ತವೆ, ಅವುಗಳನ್ನು ತಡೆಯಲು ಯಾರು ಯಾರು ಹೇಗೆ ದುಡಿಯುತ್ತಾರೆ ಎಂಬುದನ್ನು ಈ ಲೇಖನ ತಿಳಿಸುತ್ತದೆ.

ಬೆಳ್ಳಂದೂರು ಕೆರೆಯ ಉತ್ತರಕ್ಕೆ, ಯಮಲೂರಿನ ಆಚೆಗೆ, ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿರುವ ನೇರವಾದ ಹಾದಿಯೊಂದಿದೆ. ಸುತ್ತಲಿನ ಹಾದಿಗಳಲ್ಲೆಲ್ಲ ಬಸ್ಸು, ಕಾರು, ಆಟೋರಿಕ್ಷಾಗಳು ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡು ತೆವಳುತ್ತಿರುವಾಗ ಈ ಒಂದು ಹಾದಿ ಮಾತ್ರ ದಿನದ ಬಹುಭಾಗ ಬರಿದಾಗಿಯೇ ಇರುತ್ತದೆ. ಬೆಂಗಳೂರಿನಂಥ ಇಕ್ಕಟ್ಟಿನ ನಗರದಲ್ಲಿ ಇಷ್ಟು ಅಗಲವಾದ, ಸುಮಾರು 3,300 ಮೀಟರ್ ಉದ್ದದ ಹಾದಿಯನ್ನು ಹೀಗೆ ಬರಿದಾಗಿ ಬಿಡುವುದು ದುಂದಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಆ ಹಾದಿಯ ಬೆಲೆಯೆಲ್ಲ ಇರುವುದು ಅದರ ಬರಿದಾಗಿರುವ ಗುಣದಲ್ಲಿಯೇ. ಬೇಕಾದ ಗಳಿಗೆಯಲ್ಲಿ ಅದು ಬರಿದಾಗಿರದಿದ್ದರೆ ಏನಾಗುತ್ತದೆ ಎಂಬುದನ್ನು ಜಗತ್ತು ನೂರಾರು ಜೀವಗಳನ್ನು ತೆತ್ತು ಕಲಿತಿದೆ.

ಇದು ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ, ಎಂದರೆ ನಮ್ಮ ಜನರ ಬಾಯಲ್ಲಿ ಎಚ್.ಎ.ಎಲ್.ನ ವಿಮಾನ ನಿಲ್ದಾಣದ ಓಡುದಾರಿ. 1940ರ ಡಿಸೆಂಬರ್ ತಿಂಗಳಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸರ್ಕಾರದ ನೆರವಿನೊಡನೆ ಹೂಡಿದ ವಿಮಾನ ಕಾರ್ಖಾನೆಯ ಜೊತೆಗೆ ಬೆಳೆದುಬಂದ ನಿಲ್ದಾಣವಿದು. ದೇವನಹಳ್ಳಿಯ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯುವವರೆಗೂ ಬೆಂಗಳೂರಿನಿಂದ ಮುಂಬಯಿಗೋ ದೆಹಲಿಗೋ ಪರದೇಶಕ್ಕೋ ಹೋಗುವವರು ಇಲ್ಲಿಂದಲೇ ವಿಮಾನವೇರುತ್ತಿದ್ದರು. ಈಗ ದಿನವಹಿ ಪ್ರಯಾಣಿಕ ವಿಮಾನಗಳು ಇಲ್ಲಿಗೆ ಬರುವುದಿಲ್ಲ. ಆದರೂ ಪರೀಕ್ಷಾರ್ಥವಾಗಿ ಹಾರುವ ತೇಜಸ್ ಯುದ್ಧವಿಮಾನ, ಇಲ್ಲಿಯೇ ತಯಾರಾಗುವ ಧ್ರುವ್ ಹೆಲಿಕಾಪ್ಟರ್, ವಾಯುಪಡೆಯ ಸಾಗಣೆ ವಿಮಾನ, ಗಣ್ಯರ ವಿಶೇಷ ವಿಮಾನ, ಇವೆಲ್ಲವೂ ಆ ಒಂದೇ ಹಾದಿಯನ್ನು ಹಂಚಿಕೊಳ್ಳುತ್ತವೆ. ಒಂದರ ವೇಗ ಒಂದಕ್ಕಿಲ್ಲ. ಒಂದರ ಗಾತ್ರ ಒಂದಕ್ಕಿಲ್ಲ. ಆದರೆ ನಿಯಮ ಎಲ್ಲಕ್ಕೂ ಒಂದೇ. ಅದೆಂದರೆ, ಓಡುದಾರಿಯ ಮೇಲೆ ಒಂದು ಸಲಕ್ಕೆ ಒಬ್ಬರಿಗೇ ಹಕ್ಕು.

ಒಂಟಿ ಹಳಿಯ ಟೋಕನ್

ರೈಲಿನ ಒಂಟಿ ಹಳಿಯ ಹಾದಿಗಳಲ್ಲಿ ಹಿಂದೆ ಇದ್ದ ಟೋಕನ್ ಪದ್ಧತಿ ಹಿರಿಯ ಓದುಗರಿಗೆ ನೆನಪಿರಬಹುದು. ಬಿದಿರಿನ ಬಳೆಗೆ ಕಟ್ಟಿದ ಚೀಲದಲ್ಲಿ ಲೋಹದ ಗುಂಡನ್ನಿಟ್ಟು ಸ್ಟೇಷನ್ನಿನ ಸಿಬ್ಬಂದಿ ಚಾಲಕನ ಕೈಗೆ ಕೊಡುತ್ತಿದ್ದರು. ಆ ಗುಂಡು ಕೈಗೆ ಬಾರದೆ ಯಾವ ಚಾಲಕನೂ ಗಾಡಿಯನ್ನು ಮುಂದಿನ ಸ್ಟೇಷನ್ನಿನ ಕಡೆಗೆ ಕದಲಿಸುವಂತಿರಲಿಲ್ಲ. ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ಗುಂಡು ಹೊರಬೀಳುವಂತೆ ಯಂತ್ರವನ್ನು ರಚಿಸಲಾಗಿತ್ತು. ಆದುದರಿಂದ ಎದುರುಬದುರಾಗಿ ಎರಡು ಗಾಡಿಗಳು ಒಂದೇ ಹಳಿಗೆ ಬರುವ ಸಂಭವವೇ ಕಡಿಮೆಯಾಗಿತ್ತು.

ವಿಮಾನದ ಓಡುದಾರಿಯೂ ಒಂದು ಒಂಟಿ ಹಳಿಯೇ. ಆದರೆ ಅಲ್ಲಿ ಕೈಗೆ ಕೊಡುವ ಗುಂಡು ಇಲ್ಲ. ಅದರ ಬದಲಿಗೆ ಇರುವುದು ಒಂದು ಮಾತು. ನಿಯಂತ್ರಣ ಗೋಪುರದ ಗಾಜಿನ ಕೋಣೆಯಲ್ಲಿ ಕುಳಿತ ಅಧಿಕಾರಿ ರೇಡಿಯೋ ಮೂಲಕ ‘ಓಡುದಾರಿಗೆ ಬರಬಹುದು’, ‘ಮೇಲೇರಬಹುದು’, ‘ಇಳಿಯಬಹುದು’ ಎಂದು ಅಪ್ಪಣೆ ಕೊಡುತ್ತಾರೆ. ಆ ಮಾತೇ ಟೋಕನ್. ಮಾತು ಅಸ್ಪಷ್ಟವಾದರೆ, ಕೇಳಿದವರು ತಪ್ಪಾಗಿ ತಿಳಿದರೆ, ಅಥವಾ ಒಂದೇ ಹೊತ್ತಿನಲ್ಲಿ ಇಬ್ಬರ ಬಾಯಿಂದ ಎರಡು ಮಾತು ಹೊರಟರೆ, ಒಂದೇ ಹಳಿಗೆ ಎರಡು ಗುಂಡುಗಳು ಬಂದಂತೆ.

ಇಂಥ ಸಂದರ್ಭಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಒಂದು ಲಕ್ಷಣವನ್ನು ಕಟ್ಟಿಕೊಟ್ಟಿದೆ. ವಿಮಾನಗಳು ಇಳಿಯಲು ಮತ್ತು ಏರಲು ಮೀಸಲಾದ ರಕ್ಷಿತ ಪ್ರದೇಶದಲ್ಲಿ ಇರಬಾರದ ವಿಮಾನವಾಗಲಿ, ವಾಹನವಾಗಲಿ, ಮನುಷ್ಯನಾಗಲಿ ಇರುವುದೇ ಓಡುದಾರಿಯ ಅತಿಕ್ರಮ. ಢಿಕ್ಕಿ ಆಗಬೇಕೆಂದಿಲ್ಲ, ಯಾರಿಗೂ ಗಾಯವಾಗಬೇಕೆಂದಿಲ್ಲ. ಗೆರೆ ದಾಟಿದರೆ ಸಾಕು, ಅದು ಅತಿಕ್ರಮವೇ. ಲಕ್ಷಣವನ್ನು ಇಷ್ಟು ಬಿಗಿಯಾಗಿ ಮಾಡಿರುವುದಕ್ಕೆ ಕಾರಣವುಂಟು. ಮೇಲೇರಲು ಓಡುತ್ತಿರುವ ದೊಡ್ಡ ವಿಮಾನ ಕೊನೆಯ ಹಂತದಲ್ಲಿ ಒಂದು ಸೆಕೆಂಡಿಗೆ 70 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಎದುರಿಗೆ ಏನೋ ಇದೆಯೆಂದು ಕಣ್ಣಿಗೆ ಬೀಳುವ ಹೊತ್ತಿಗೆ ನಿಲ್ಲಿಸುವ ಕಾಲ ಮೀರಿರುತ್ತದೆ.

ಮಂಜಿನಲ್ಲಿ ಕಳೆದುಹೋದ ಮಾತು

ಈ ಸತ್ಯವನ್ನು ಜಗತ್ತಿಗೆ ಕಲಿಸಿದ ದಿನ 1977ರ ಮಾರ್ಚ್ 27. ಸ್ಥಳ, ಅಟ್ಲಾಂಟಿಕ್ ಸಾಗರದಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣ. ಪಕ್ಕದ ದ್ವೀಪದ ದೊಡ್ಡ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅಲ್ಲಿಗೆ ಹೋಗಬೇಕಾಗಿದ್ದ ವಿಮಾನಗಳೆಲ್ಲ ಈ ಚಿಕ್ಕ ನಿಲ್ದಾಣಕ್ಕೆ ಬಂದು ಇಳಿದಿದ್ದವು. ನಿಲ್ಲಲು ಎಡೆಯಿಲ್ಲದೆ ವಿಮಾನಗಳು ಉಪದಾರಿಯನ್ನೇ ಮುಚ್ಚಿಕೊಂಡು ನಿಂತಿದ್ದವು. ಹೀಗಾಗಿ ಹೊರಡುವ ವಿಮಾನಗಳು ಓಡುದಾರಿಯ ಮೇಲೆಯೇ ಹಿಂದಕ್ಕೆ ನಡೆದು, ತುದಿಯಲ್ಲಿ ತಿರುಗಿ ನಿಲ್ಲಬೇಕಾಗಿತ್ತು.

ಡಚ್ಚರ ಕೆ.ಎಲ್.ಎಂ. ಸಂಸ್ಥೆಯ ಬೋಯಿಂಗ್ 747 ತುದಿಯನ್ನು ಮುಟ್ಟಿ ತಿರುಗಿ ನಿಂತಿತು. ಅದರ ಹಿಂದೆಯೇ ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ಇನ್ನೊಂದು 747 ಅದೇ ಓಡುದಾರಿಯಲ್ಲಿ ನಿಧಾನವಾಗಿ ನಡೆದು ಬರುತ್ತಿತ್ತು. ನಡುವೆ ದಟ್ಟವಾದ ಮಂಜು. ಗೋಪುರಕ್ಕೆ ಎರಡೂ ವಿಮಾನಗಳು ಕಾಣಿಸುತ್ತಿರಲಿಲ್ಲ. ಅವುಗಳಿಗೆ ಒಂದನ್ನೊಂದು ಕಾಣಿಸುತ್ತಿರಲಿಲ್ಲ. ನೆಲದ ಮೇಲಿನ ಚಲನೆಯನ್ನು ತೋರಿಸುವ ರೇಡಾರ್ ಅಲ್ಲಿರಲಿಲ್ಲ. ಉಳಿದುದು ಮಾತೊಂದೇ.

ಮೇಲೇರಿದ ಮೇಲೆ ಯಾವ ದಾರಿಯಲ್ಲಿ ಸಾಗಬೇಕೆಂಬ ಸೂಚನೆಯನ್ನು ಗೋಪುರ ಡಚ್ ವಿಮಾನಕ್ಕೆ ಕೊಟ್ಟಿತು. ಅದು ದಾರಿಯ ಸೂಚನೆಯೇ ಹೊರತು ಏರಲು ಅಪ್ಪಣೆಯಲ್ಲ. ಬೇಗ ಹೊರಡಬೇಕೆಂಬ ಆತುರದಲ್ಲಿದ್ದ ಕ್ಯಾಪ್ಟನ್ ಅದನ್ನೇ ಅಪ್ಪಣೆಯೆಂದು ಭಾವಿಸಿ ಯಂತ್ರಗಳಿಗೆ ಬಲ ಕೊಟ್ಟರು. ಡಚ್ ವಿಮಾನದಿಂದ ಬಂದ ಉತ್ತರ ‘ಏರುವ ಸ್ಥಾನದಲ್ಲಿದ್ದೇವೆ’ ಎಂದೋ ‘ಏರುತ್ತಿದ್ದೇವೆ’ ಎಂದೋ ಎರಡು ಬಗೆಯಾಗಿ ಅರ್ಥವಾಗುವಂತಿತ್ತು. ಗೋಪುರದವರು ‘ಸರಿ’ ಎಂದು ಆರಂಭಿಸಿ, ‘ಕಾಯಿರಿ, ನಾನು ಕರೆಯುತ್ತೇನೆ’ ಎಂದರು. ಅದೇ ಕ್ಷಣದಲ್ಲಿ ಪ್ಯಾನ್ ಆಮ್ ಚಾಲಕರು ‘ನಾವಿನ್ನೂ ಓಡುದಾರಿಯ ಮೇಲೆಯೇ ಇದ್ದೇವೆ’ ಎಂದು ಕೂಗಿ ಹೇಳಿದರು. ಇಬ್ಬರೂ ಒಂದೇ ತರಂಗದಲ್ಲಿ ಒಟ್ಟಿಗೆ ಮಾತನಾಡಿದ ಕಾರಣ ಡಚ್ ಚಾಲಕರ ಕಿವಿಗೆ ‘ಸರಿ’ ಎಂಬ ಮಾತೊಂದು ಕೇಳಿಸಿ, ಉಳಿದುದೆಲ್ಲ ಕೀರಲು ಶಬ್ದದಲ್ಲಿ ಮುಳುಗಿತು.

ಇನ್ನೂ ಒಂದು ಅವಕಾಶವಿತ್ತು. ಡಚ್ ವಿಮಾನದಲ್ಲಿದ್ದ ಫ್ಲೈಟ್ ಇಂಜಿನಿಯರ್‌ಗೆ ಸಂಶಯ ಬಂದಿತ್ತು. ಆ ಅಮೆರಿಕನ್ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇನೋ ಎಂದು ಅವರು ಕೇಳಿದರು. ಬಿಟ್ಟಿದೆಯೆಂದು ಕ್ಯಾಪ್ಟನ್ ಒತ್ತಿ ಹೇಳಿದರು. ಅವರು ಆ ಸಂಸ್ಥೆಯ ಅತ್ಯಂತ ಹಿರಿಯ ಚಾಲಕರಲ್ಲಿ ಒಬ್ಬರು, ಇತರರಿಗೆ ತರಬೇತಿ ಕೊಡುವವರು. ಅವರ ಮಾತಿಗೆ ಎದುರಾಡುವವರು ಯಾರು? ಕಿರಿಯರಾದವರು ಸುಮ್ಮನಾದರು. ಕೆಲವೇ ಸೆಕೆಂಡುಗಳಲ್ಲಿ ಎರಡು ಮಹಾವಿಮಾನಗಳು ಢಿಕ್ಕಿ ಹೊಡೆದವು. 583 ಮಂದಿ ಮಡಿದರು. ಪ್ಯಾನ್ ಆಮ್ ವಿಮಾನದಲ್ಲಿ 61 ಮಂದಿ ಮಾತ್ರ ಬದುಕಿ ಉಳಿದರು. ಡಚ್ ವಿಮಾನದಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ.

ಯಂತ್ರಗಳು ಕೆಟ್ಟಿರಲಿಲ್ಲ. ಚಾಲಕರು ಅನನುಭವಿಗಳಾಗಿರಲಿಲ್ಲ. ಕೆಟ್ಟುದು ಮಾತು, ಮತ್ತು ಸಂಶಯ ಬಂದಾಗ ‘ನಿಲ್ಲಿಸಿ’ ಎಂದು ಗಟ್ಟಿಯಾಗಿ ಹೇಳುವ ಧೈರ್ಯ.

ಮಾತಿಗೆ ಕಟ್ಟುಪಾಡು

ಆ ದುರಂತದ ತರುವಾಯ ವಿಮಾನ ನಿಲ್ದಾಣದ ಭಾಷೆಗೇ ಒಂದು ವ್ಯಾಕರಣ ಬಂದಿತು ಎನ್ನಬಹುದು. ‘ಟೇಕಾಫ್’ ಎಂಬ ಶಬ್ದವನ್ನು ಈಗ ಏರಲು ಅಪ್ಪಣೆ ಕೊಡುವಾಗ ಅಥವಾ ಕೊಟ್ಟ ಅಪ್ಪಣೆಯನ್ನು ರದ್ದು ಮಾಡುವಾಗ ಮಾತ್ರ ಉಚ್ಚರಿಸಬೇಕು. ಉಳಿದ ಎಲ್ಲ ಸಂದರ್ಭಗಳಲ್ಲೂ ‘ಡಿಪಾರ್ಚರ್’, ಎಂದರೆ ನಿರ್ಗಮನ ಎಂದೇ ಹೇಳಬೇಕು. ದೇವರ ಮುಂದೆ ಮಾತ್ರ ಉಚ್ಚರಿಸುವ ಮಂತ್ರವನ್ನು ಸಂತೆಯಲ್ಲಿ ಆಡದಿರುವಂತೆ, ಆ ಒಂದು ಶಬ್ದವನ್ನು ಕಾಪಾಡಿಕೊಂಡು ಬರಲಾಗಿದೆ.

ಎರಡನೆಯದು ಮರುನುಡಿ. ಓಡುದಾರಿಗೆ ಸಂಬಂಧಿಸಿದ ಯಾವ ಅಪ್ಪಣೆಯನ್ನು ಕೇಳಿದರೂ ಚಾಲಕರು ‘ಆಗಲಿ’ ಎಂದು ತಲೆಯಾಡಿಸಿದರೆ ಸಾಲದು. ಕೇಳಿದುದನ್ನು ತಮ್ಮ ವಿಮಾನದ ಹೆಸರಿನೊಡನೆ ಪುನಃ ಹೇಳಬೇಕು. ಗೋಪುರದಲ್ಲಿದ್ದವರು ಆ ಮರುನುಡಿಯನ್ನು ಕಿವಿಗೊಟ್ಟು ಕೇಳಿ, ಒಂದಕ್ಷರ ತಪ್ಪಿದ್ದರೂ ತಿದ್ದಬೇಕು. ನಮ್ಮ ಅಜ್ಜಿಯರು ಮೊಮ್ಮಕ್ಕಳನ್ನು ಅಂಗಡಿಗೆ ಕಳುಹಿಸುವಾಗ ‘ಏನು ತರಬೇಕು, ಹೇಳು ನೋಡೋಣ’ ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದರಲ್ಲ, ಅದೇ ಕ್ರಮ!

ಅಂಕಿಗಳ ಉಚ್ಚಾರಣೆಗೂ ನಿಯಮವಿದೆ. ರೇಡಿಯೋದ ಗರಗರ ಸದ್ದಿನಲ್ಲಿ ಐದಕ್ಕೂ ಒಂಬತ್ತಕ್ಕೂ ಇರುವ ಇಂಗ್ಲಿಷ್ ಹೆಸರುಗಳು ಒಂದೇ ರೀತಿಯಾಗಿ ಕೇಳಿಸುವುದರಿಂದ ಒಂಬತ್ತನ್ನು ‘ನೈನರ್’ ಎಂದೂ ಐದನ್ನು ‘ಫೈಫ್’ ಎಂದೂ ಉಚ್ಚರಿಸುವ ಪದ್ಧತಿ ಬಂದಿದೆ. ಅಂತರರಾಷ್ಟ್ರೀಯವಾಗಿ ಹಾರುವ ಚಾಲಕರು ಮತ್ತು ಅವರೊಡನೆ ಮಾತನಾಡುವ ನಿಯಂತ್ರಣಾಧಿಕಾರಿಗಳು ಭಾಷಾ ಪರೀಕ್ಷೆಯಲ್ಲಿ ನಿಗದಿಯಾದ ದರ್ಜೆಯಲ್ಲಿ ತೇರ್ಗಡೆಯಾಗಿರಬೇಕು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು. ಹಿರಿಯರು ತಪ್ಪಿದರೆ ಕಿರಿಯರು ಬಾಯಿ ಬಿಟ್ಟು ಹೇಳಬೇಕು, ಹೇಳಿದುದನ್ನು ಹಿರಿಯರು ಕೇಳಬೇಕು ಎಂಬ ಶಿಕ್ಷಣ. 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ನಡೆಸಿದ ಕಾರ್ಯಾಗಾರದಿಂದ ಮೊದಲ್ಗೊಂಡು ಈ ಶಿಕ್ಷಣ ಜಗತ್ತಿನಾದ್ಯಂತ ಹಬ್ಬಿತು. ಹಿರಿಯರಿಗೆ ಎದುರಾಡಬಾರದೆಂದು ಕಲಿಸಿ ಬೆಳೆಸಿದ ಸಮಾಜಗಳಲ್ಲಿ ಇದು ಸುಲಭದ ಪಾಠವಲ್ಲ.

ಬಣ್ಣ, ಫಲಕ, ದೀಪ

ಮಾತು ತಪ್ಪಿದರೂ ಕಣ್ಣು ತಪ್ಪದಿರಲಿ ಎಂದು ನೆಲದ ಮೇಲೆ ಇನ್ನೊಂದು ಕಾವಲನ್ನು ಹೂಡಿದ್ದಾರೆ. ಉಪದಾರಿ, ಎಂದರೆ ಟ್ಯಾಕ್ಸಿವೇ, ಓಡುದಾರಿಯನ್ನು ಸೇರುವ ಮುನ್ನ ಅಡ್ಡಲಾಗಿ ನಾಲ್ಕು ಹಳದಿ ಗೆರೆಗಳನ್ನು ಬಳಿದಿರುತ್ತಾರೆ. ಉಪದಾರಿಯ ಕಡೆಗಿರುವ ಎರಡು ಗೆರೆಗಳು ಅಖಂಡ. ಓಡುದಾರಿಯ ಕಡೆಗಿರುವ ಎರಡು ತುಂಡು ತುಂಡು. ಅಖಂಡ ಗೆರೆ ಎದುರಿಗಿದ್ದರೆ ಅಪ್ಪಣೆಯಿಲ್ಲದೆ ದಾಟುವಂತಿಲ್ಲ. ತುಂಡು ಗೆರೆ ಎದುರಿಗಿದ್ದರೆ ದಾಟಿ ಹೊರಗೆ ಬರಬೇಕು. ಒಳಹೋಗುವುದು ಕಷ್ಟ, ಹೊರಬರುವುದು ಸುಲಭ ಎಂಬ ಅರ್ಥ ಆ ಬಣ್ಣದಲ್ಲೇ ಅಡಗಿದೆ. ದೊಡ್ಡ ನಿಲ್ದಾಣಗಳಲ್ಲಿ ಈ ಗೆರೆ ಓಡುದಾರಿಯ ನಡುಮಧ್ಯದಿಂದ ಸಾಮಾನ್ಯವಾಗಿ 90 ಮೀಟರ್ ಅಥವಾ ಅದಕ್ಕೂ ಹೆಚ್ಚು ದೂರದಲ್ಲಿರುತ್ತದೆ.

ಗೆರೆಯ ಪಕ್ಕದಲ್ಲಿ ಕೆಂಪು ಫಲಕದ ಮೇಲೆ ಬಿಳಿಯ ಅಂಕಿಗಳಲ್ಲಿ ಓಡುದಾರಿಯ ಹೆಸರು. ಎಚ್.ಎ.ಎಲ್. ನಿಲ್ದಾಣದಲ್ಲಿ ಆ ಹೆಸರು 09 ಮತ್ತು 27. ದಿಕ್ಸೂಚಿಯಲ್ಲಿ ಪೂರ್ವವೆಂದರೆ 90 ಅಂಶ, ಪಶ್ಚಿಮವೆಂದರೆ 270 ಅಂಶ; ಕೊನೆಯ ಸೊನ್ನೆಯನ್ನು ಬಿಟ್ಟರೆ ಓಡುದಾರಿಯ ಹೆಸರು ಸಿಗುತ್ತದೆ. ದೇವನಹಳ್ಳಿಯ ಎರಡು ಓಡುದಾರಿಗಳೂ ಇದೇ ದಿಕ್ಕಿನವು. ಆದುದರಿಂದ ಅವುಗಳನ್ನು ಎಡ, ಬಲ ಎಂದು ಬೇರೆ ಮಾಡಿ ಹೇಳುತ್ತಾರೆ.

ರಾತ್ರಿಯ ಹೊತ್ತು ಉಪದಾರಿಯ ಅಂಚಿಗೆ ನೀಲಿ ದೀಪಗಳು, ಓಡುದಾರಿಯ ಅಂಚಿಗೆ ಬಿಳಿಯ ದೀಪಗಳು. ಗೆರೆಯ ಎರಡು ಬದಿಗಳಲ್ಲಿ ಒಂದಾದ ಮೇಲೊಂದು ಮಿನುಗುವ ಹಳದಿ ದೀಪಗಳು. ಹೆಚ್ಚಿನ ಎಚ್ಚರ ಬೇಕಾದ ಕಡೆಗಳಲ್ಲಿ ಗೆರೆಯುದ್ದಕ್ಕೂ ನೆಲದಲ್ಲಿ ಹುದುಗಿಸಿದ ಕೆಂಪು ದೀಪಗಳ ಸಾಲು. ಈ ಕೆಂಪು ಸಾಲು ಉರಿಯುತ್ತಿರುವವರೆಗೆ ಅದನ್ನು ದಾಟಬಾರದು ಎಂಬುದು ಚಾಲಕರಿಗೆ ಮೊದಲಿಂದ ಕಲಿಸುವ ಪಾಠ. ಬಾಯಿಮಾತಿನಲ್ಲಿ ಅಪ್ಪಣೆ ಬಂದು ದೀಪ ಕೆಂಪಾಗಿಯೇ ಇದ್ದರೆ, ನಿಂತು ಕೇಳಬೇಕು.

ಈ ಗುರುತುಗಳು ಕೆಟ್ಟರೆ ಏನಾಗುತ್ತದೆಂಬುದಕ್ಕೆ ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣ ಸಾಕ್ಷಿ. 2001ರ ಅಕ್ಟೋಬರ್ 8ರ ಮುಂಜಾನೆ ಮಂಜಿನಲ್ಲಿ ಒಂದು ಪುಟ್ಟ ಖಾಸಗಿ ವಿಮಾನ ತಪ್ಪು ಉಪದಾರಿಯನ್ನು ಹಿಡಿದು, ಮೇಲೇರುತ್ತಿದ್ದ ಪ್ರಯಾಣಿಕ ವಿಮಾನದ ಎದುರಿಗೆ ಬಂದಿತು. ನೆಲದ ರೇಡಾರ್ ಕೆಲಸ ಮಾಡುತ್ತಿರಲಿಲ್ಲ. ಫಲಕಗಳೂ ಗುರುತುಗಳೂ ಸರಿಯಾಗಿರಲಿಲ್ಲ. 118 ಮಂದಿ ಸತ್ತರು. ಅವರಲ್ಲಿ ನಾಲ್ವರು ವಿಮಾನವನ್ನು ಏರಿದವರೇ ಅಲ್ಲ, ನಿಲ್ದಾಣದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದವರು.

ಚಾಲಕರಷ್ಟೇ ಅಲ್ಲ, ನಿಲ್ದಾಣದ ಒಳಗೆ ಜೀಪು, ಅಗ್ನಿಶಾಮಕ ವಾಹನ, ಹುಲ್ಲು ಕತ್ತರಿಸುವ ಟ್ರಾಕ್ಟರ್ ನಡೆಸುವವರಿಗೂ ಈ ವಿದ್ಯೆ ಬೇಕು. ಊರಿನ ಲೈಸೆನ್ಸು ಅಲ್ಲಿ ಸಾಲದು. ಗುರುತುಗಳನ್ನೂ ನಿಯಮಗಳನ್ನೂ ಕಲಿತು ಪ್ರತ್ಯೇಕ ಪರವಾನಗಿ ಪಡೆದವರು ಮಾತ್ರ ಅಲ್ಲಿ ವಾಹನ ನಡೆಸಬಹುದು. ಓಡುದಾರಿಯನ್ನು ಪರೀಕ್ಷಿಸಲು ಹೋಗುವ ಜೀಪಿನವರೂ ಗೋಪುರದ ಅಪ್ಪಣೆ ಕೇಳಿ, ಮರುನುಡಿದು, ಒಳಹೋಗಿ, ಹೊರಬಂದ ಮೇಲೆ ‘ಬಿಟ್ಟಿದ್ದೇವೆ’ ಎಂದು ತಿಳಿಸಬೇಕು.

ನಮ್ಮೂರಿನ ಎಚ್ಚರಿಕೆ

ಇದೆಲ್ಲ ಪರದೇಶದ ಮಾತಾಯಿತು, ನಮ್ಮಲ್ಲಿ ಹೇಗೆ ಎಂದು ಓದುಗರು ಕೇಳಬಹುದು. ನಮ್ಮ ಬೆಂಗಳೂರಿನಲ್ಲೇ ನಡೆದ ಸಂಗತಿಯನ್ನು ಕೇಳಿ.

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಿಂದ ಎರಡನೆಯ ಓಡುದಾರಿ ಬಳಕೆಗೆ ಬಂದಿತು. ಉತ್ತರದ್ದೊಂದು, ದಕ್ಷಿಣದ್ದೊಂದು, ಎರಡೂ 4,000 ಮೀಟರ್ ಉದ್ದ, ಒಂದಕ್ಕೊಂದು ಸಮಾನಾಂತರ. 2022ರ ಜನವರಿ 7ರ ಮುಂಜಾನೆ ಉತ್ತರದ ಓಡುದಾರಿಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ಸ್ವಲ್ಪ ಹೊತ್ತಿನ ಬಳಿಕ ಪಾಳಿಯ ಮೇಲ್ವಿಚಾರಕರು ದಕ್ಷಿಣದ ಓಡುದಾರಿಯನ್ನು ನಿಲ್ಲಿಸಿ, ಏರುವುದಕ್ಕೂ ಇಳಿಯುವುದಕ್ಕೂ ಉತ್ತರದ್ದೊಂದನ್ನೇ ಬಳಸುವುದೆಂದು ತೀರ್ಮಾನಿಸಿದರು. ಆದರೆ ಆ ತೀರ್ಮಾನ ದಕ್ಷಿಣ ಗೋಪುರದ ಅಧಿಕಾರಿಗೆ ತಿಳಿಯಲೇ ಇಲ್ಲ.

ದಕ್ಷಿಣದವರು ಕೋಲ್ಕತ್ತಕ್ಕೆ ಹೊರಟಿದ್ದ ಇಂಡಿಗೋ ವಿಮಾನಕ್ಕೆ ಏರಲು ಅಪ್ಪಣೆ ಕೊಟ್ಟರು. ಅದೇ ಹೊತ್ತಿಗೆ ಉತ್ತರದವರು ಭುವನೇಶ್ವರಕ್ಕೆ ಹೊರಟಿದ್ದ ಅದೇ ಸಂಸ್ಥೆಯ ಇನ್ನೊಂದು ವಿಮಾನಕ್ಕೆ ಅಪ್ಪಣೆ ಕೊಟ್ಟರು. ಎರಡೂ ಒಂದೇ ದಿಕ್ಕಿಗೆ ಏರಿ, ಮೇಲೆ ಹೋಗುತ್ತಾ ಒಂದರ ಕಡೆಗೆ ಇನ್ನೊಂದು ವಾಲತೊಡಗಿದವು. ಒಂದರಲ್ಲಿ 176 ಪ್ರಯಾಣಿಕರು, ಮತ್ತೊಂದರಲ್ಲಿ 238. ಸಿಬ್ಬಂದಿಯೂ ಸೇರಿ ಒಟ್ಟು 426 ಜೀವಗಳು. ರೇಡಾರ್ ಪರದೆಯ ಮುಂದೆ ಕುಳಿತಿದ್ದ ಇನ್ನೊಬ್ಬ ನಿಯಂತ್ರಣಾಧಿಕಾರಿ ಎರಡು ಚುಕ್ಕೆಗಳು ಒಂದಾಗುವಂತೆ ಚಲಿಸುತ್ತಿರುವುದನ್ನು ಕಂಡು, ಒಡನೆಯೇ ಎರಡಕ್ಕೂ ಬೇರೆ ಬೇರೆ ದಿಕ್ಕಿಗೆ ತಿರುಗುವಂತೆ ಆಜ್ಞೆಯಿತ್ತರು. ವಿಮಾನಗಳು ಅಗಲಿದವು. ಅಷ್ಟು ಮಂದಿಯೂ ತಮ್ಮ ತಮ್ಮ ಊರನ್ನು ಸೇರಿದರು.

ಶಾಸ್ತ್ರದ ಪ್ರಕಾರ ಇದು ಓಡುದಾರಿಯ ಅತಿಕ್ರಮವಲ್ಲ, ಆಕಾಶದಲ್ಲಿ ಇರಬೇಕಾದ ಅಂತರ ತಪ್ಪಿದ ಪ್ರಕರಣ. ಆದರೆ ರೋಗದ ಮೂಲ ಒಂದೇ. ಮಾತು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ತಲುಪಲಿಲ್ಲ. ಒಂದು ಹಾದಿಗೆ ಎರಡು ಟೋಕನ್ ಹೊರಬಿದ್ದವು. ಇದಕ್ಕಿಂತಲೂ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. ಈ ಘಟನೆಯನ್ನು ಯಾವ ದಾಖಲೆ ಪುಸ್ತಕದಲ್ಲೂ ಬರೆದಿರಲಿಲ್ಲವೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು ಹೇಳಿದರು. ಢಿಕ್ಕಿ ಆಗದೆ ಉಳಿದ ಪ್ರಕರಣವೇ ಕಲಿಯಲು ಅತ್ಯುತ್ತಮವಾದ ಪಾಠ. ಅದಕ್ಕೆ ಶುಲ್ಕವಾಗಿ ಯಾರ ಪ್ರಾಣವೂ ಹೋಗಿರುವುದಿಲ್ಲ. ಬರೆದಿಡದಿದ್ದರೆ ಆ ಪಾಠವೂ ಹೋಗುತ್ತದೆ. ವಿಮಾನ ಅಪಘಾತ ತನಿಖಾ ಸಂಸ್ಥೆ ಮುಂದೆ ಈ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು.

ದೆಹಲಿಯಲ್ಲಿ 2023ರ ಆಗಸ್ಟ್ 23ರಂದು ನಡೆದುದು ಇದರ ಇನ್ನೊಂದು ಮುಖ. ಅಹಮದಾಬಾದಿನಿಂದ ಬಂದಿಳಿದ ವಿಸ್ತಾರ ಸಂಸ್ಥೆಯ ವಿಮಾನಕ್ಕೆ ಪಕ್ಕದ ಓಡುದಾರಿಯನ್ನು ದಾಟಿ ಹೋಗುವಂತೆ ಹೇಳಲಾಗಿತ್ತು. ಆ ಓಡುದಾರಿಯಲ್ಲೇ ಬಾಗ್‌ಡೋಗ್ರಾಕ್ಕೆ ಹೊರಟಿದ್ದ ಅದೇ ಸಂಸ್ಥೆಯ ಮತ್ತೊಂದು ವಿಮಾನಕ್ಕೆ ಏರಲು ಅಪ್ಪಣೆ ದೊರೆತಿತ್ತು. ದಾಟಬೇಕಾಗಿದ್ದ ವಿಮಾನದ ಮಹಿಳಾ ಕ್ಯಾಪ್ಟನ್ ಪರಿಸ್ಥಿತಿಯನ್ನು ಗ್ರಹಿಸಿ ಗೋಪುರವನ್ನು ಎಚ್ಚರಿಸಿದರು. ಏರಲು ಕೊಟ್ಟಿದ್ದ ಅಪ್ಪಣೆ ರದ್ದಾಯಿತು. ಟೆನೆರೀಫ್‌ನಲ್ಲಿ ಗಟ್ಟಿಯಾಗಿ ಹೊರಡದ ಮಾತು ಇಲ್ಲಿ ಹೊರಟಿತು. ವ್ಯತ್ಯಾಸ ಇಷ್ಟೇ, ಆದರೆ ಈ ಇಷ್ಟರಲ್ಲೇ ಸಾವು ಬದುಕು ಅಡಗಿದೆ.

ಯಂತ್ರವಿದ್ದರೂ ನೋಡುವ ಕಣ್ಣು ಬೇಕು

ಇಂದು ದೊಡ್ಡ ನಿಲ್ದಾಣಗಳಲ್ಲಿ ನೆಲದ ಮೇಲಿನ ಪ್ರತಿಯೊಂದು ವಿಮಾನವನ್ನೂ ವಾಹನವನ್ನೂ ಪರದೆಯ ಮೇಲೆ ತೋರಿಸುವ ರೇಡಾರ್ ವ್ಯವಸ್ಥೆಗಳಿವೆ. ಇಳಿಯುವ ವಿಮಾನದ ಎದುರಿಗೆ ಇನ್ನೊಂದು ಬಂದರೆ ಎಚ್ಚರಿಸುವ ಗಣಕಯಂತ್ರಗಳಿವೆ. ಚಳಿಗಾಲದ ಮುಂಜಾನೆ ದೇವನಹಳ್ಳಿಯನ್ನು ಮಂಜು ಕವಿದಾಗ ಗೋಪುರದಿಂದ ಓಡುದಾರಿ ಕಾಣದಿದ್ದರೂ ಪರದೆ ಕಾಣುತ್ತದೆ. ಹಾಗಾದರೆ ಇನ್ನು ಭಯವಿಲ್ಲವಲ್ಲ ಎನ್ನುವವರಿಗೆ ಟೋಕಿಯೋದ ಹನೇಡಾ ನಿಲ್ದಾಣ ಉತ್ತರ ಕೊಡುತ್ತದೆ.

2024ರ ಹೊಸವರ್ಷದ ದಿನ ಜಪಾನಿನ ನೋಟೋ ಪ್ರದೇಶದಲ್ಲಿ ಭೂಕಂಪವಾಗಿತ್ತು. ಮರುದಿನ ಸಂಜೆ ಪರಿಹಾರ ಸಾಮಗ್ರಿಗಳನ್ನು ಹೊತ್ತು ಹೊರಡಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಗೋಪುರ, ‘ನೀವು ಮೊದಲನೆಯವರು, ನಿಲುಗಡೆಯ ಸ್ಥಾನಕ್ಕೆ ಬನ್ನಿ’ ಎಂದಿತು. ‘ಮೊದಲನೆಯವರು’ ಎಂದರೆ ಸರದಿಯಲ್ಲಿ ಮೊದಲನೆಯವರು. ಆದರೆ ಕ್ಯಾಪ್ಟನ್ ಅದನ್ನು ಓಡುದಾರಿಗೆ ಹೋಗಲು ಸಿಕ್ಕ ಅಪ್ಪಣೆಯೆಂದು ತಿಳಿದು ಗೆರೆ ದಾಟಿ ನಿಂತರು. ಅಲ್ಲಿನ ಕೆಂಪು ದೀಪಗಳ ಸಾಲು ದುರಸ್ತಿಗಾಗಿ ಆರಿತ್ತು. ಗೋಪುರದ ಪರದೆ ಬಣ್ಣ ಬದಲಿಸಿ ಎಚ್ಚರಿಸಿತು. ಆದರೆ ಯಾರೂ ಅದನ್ನು ಗಮನಿಸಲಿಲ್ಲ. ಸುಮಾರು 40 ಸೆಕೆಂಡು ಆ ವಿಮಾನ ಓಡುದಾರಿಯ ಮೇಲೆ ನಿಂತಿತ್ತು. ಅಷ್ಟರಲ್ಲಿ 379 ಮಂದಿಯಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಅದರ ಮೇಲೆಯೇ ಇಳಿಯಿತು.

ಚಿಕ್ಕ ವಿಮಾನದಲ್ಲಿದ್ದ ಆರು ಮಂದಿಯಲ್ಲಿ ಐವರು ತೀರಿಕೊಂಡರು. ದೊಡ್ಡ ವಿಮಾನ ಉರಿಯುತ್ತಿದ್ದರೂ, ಒಳಗಿನ ಧ್ವನಿವರ್ಧಕ ಕೆಟ್ಟಿದ್ದರೂ, ಸಿಬ್ಬಂದಿ ಕೂಗಿ ದಾರಿ ತೋರಿಸಿದರು. ಪ್ರಯಾಣಿಕರು ಕೈಚೀಲಗಳನ್ನು ಅಲ್ಲಿಯೇ ಬಿಟ್ಟು ಸಾಲಾಗಿ ಇಳಿದರು. 379 ಮಂದಿಯೂ ಬದುಕಿದರು! ಆ ಬಳಿಕ ಹನೇಡಾದಲ್ಲಿ ಪರದೆಯನ್ನು ನೋಡುವುದಕ್ಕೆಂದೇ ಪ್ರತ್ಯೇಕ ಸಿಬ್ಬಂದಿಯನ್ನು ನೇಮಿಸಿದರು. ಸರದಿಯ ಸಂಖ್ಯೆ ಹೇಳುವ ರೂಢಿಯನ್ನು ತಡೆಹಿಡಿದರು. ಯಂತ್ರ ಕೂಗಿದರೂ ಕೇಳುವ ಕಿವಿ, ತೋರಿಸಿದರೂ ನೋಡುವ ಕಣ್ಣು ಬೇಕೆಂಬ ಪಾಠ ಇದು.

ಬೇಲಿಯ ಹೊರಗಿನ ನಾವು

ಮೇಲೆ ಹೇಳಿದ ಲಕ್ಷಣದಲ್ಲಿ ವಿಮಾನ, ವಾಹನ, ಮನುಷ್ಯ ಎಂದು ಮೂರನ್ನೇ ಎಣಿಸಿದೆ. ಪಶುಪಕ್ಷಿಗಳ ಲೆಕ್ಕ ಬೇರೆ. ಆದರೆ ಚಾಲಕರ ಪಾಲಿಗೆ ಅವುಗಳ ಅಪಾಯ ಕಡಿಮೆಯೇನಲ್ಲ. 2014ರ ನವೆಂಬರ್ 6ರಂದು ಸೂರತ್‌ನಲ್ಲಿ ದೆಹಲಿಗೆ ಹೊರಟ ವಿಮಾನವೊಂದು ಓಡುದಾರಿಯಲ್ಲಿ ವೇಗ ಪಡೆಯುತ್ತಿದ್ದಾಗ ಕತ್ತಲೆಯಲ್ಲಿ ಎಮ್ಮೆಗೆ ಬಡಿಯಿತು. ಇಂಜಿನ್ ಜಖಂ ಆಯಿತು. ಪ್ರಯಾಣಿಕರು ದೈವವಶಾತ್ ಪಾರಾದರು. ಬೇಲಿಯಲ್ಲಿ ಒಂದು ಕಿಂಡಿ ಸಾಕು, ಕೋಟಿಗಟ್ಟಲೆ ರೂಪಾಯಿಯ ರೇಡಾರ್ ನಿಷ್ಪ್ರಯೋಜಕವಾಗಲು.

ಇಲ್ಲಿ ಬೆಳ್ಳಂದೂರಿನಂಥ ನೆರೆಯ ಬಡಾವಣೆಗಳಿಗೂ ಒಂದು ಪಾತ್ರವಿದೆ. ಓಡುದಾರಿಯ ನೆರೆಯಲ್ಲಿ ಕಸವನ್ನು ಬಯಲಿಗೆ ಸುರಿದರೆ ಹದ್ದು, ಕಾಗೆಗಳು ಬರುತ್ತವೆ, ಬೀದಿನಾಯಿಗಳು ಸೇರುತ್ತವೆ. 1937ರ ವಿಮಾನ ನಿಯಮಗಳೇ ನಿಲ್ದಾಣದ 10 ಕಿಲೋಮೀಟರ್ ಸುತ್ತಿನೊಳಗೆ ಪಕ್ಷಿಗಳನ್ನು ಸೆಳೆಯುವಂತೆ ಕಸ ಸುರಿಯುವುದನ್ನೂ ಪ್ರಾಣಿಗಳನ್ನು ಕಡಿಯುವುದನ್ನೂ ನಿಷೇಧಿಸಿದ್ದವು. ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುವಾಗ ಸುತ್ತಮುತ್ತ ಮಾಂಸದ ಅಂಗಡಿಗಳನ್ನು ಕೆಲವು ದಿನ ಮುಚ್ಚಿಸುವುದೂ ಈ ಕಾರಣಕ್ಕಾಗಿಯೇ. ಪ್ರದರ್ಶನದ ದಿನಗಳಲ್ಲಿ ತೋರುವ ಈ ಎಚ್ಚರವನ್ನು ಎಚ್.ಎ.ಎಲ್. ಸುತ್ತಿನ ನಾಗರಿಕರು ವರ್ಷದ ಎಲ್ಲ ದಿನವೂ ತೋರಬೇಕಾಗಿದೆ. ಕಸವನ್ನು ಮುಚ್ಚಿಡುವುದು, ಕಾಂಪೌಂಡಿನ ಗೋಡೆ ಎಲ್ಲಿಯಾದರೂ ಕುಸಿದಿದ್ದರೆ ತಿಳಿಸುವುದು, ಮಕ್ಕಳು ಅಲ್ಲಿ ಡ್ರೋನ್ ಹಾರಿಸದಂತೆ ನೋಡಿಕೊಳ್ಳುವುದು, ಇವು ಸಣ್ಣ ಕೆಲಸಗಳಾಗಿ ಕಂಡರೂ ಸಣ್ಣವಲ್ಲ.

ಪ್ರಯಾಣಿಕರಾಗಿ ಹೋದಾಗಲೂ ನಾವು ನೆನಪಿಡಬೇಕಾದುದುಂಟು. ವಿಮಾನ ಓಡುದಾರಿಯ ಅಂಚಿಗೆ ಬಂದು ಹತ್ತು ನಿಮಿಷ ಸುಮ್ಮನೆ ನಿಂತಿತೆಂದು ಗೊಣಗುವವರಿದ್ದಾರೆ. ಇಳಿಯುತ್ತಿದ್ದ ವಿಮಾನ ನೆಲದ ಹತ್ತಿರಕ್ಕೆ ಬಂದು ಮತ್ತೆ ಗರ್ಜಿಸಿ ಮೇಲೇರಿದರೆ, ‘ಚಾಲಕನಿಗೆ ಇಳಿಸಲು ಬರುವುದಿಲ್ಲವೇ?’ ಎಂದು ಬೈಯುವವರೂ ಇದ್ದಾರೆ. ಎಷ್ಟೋ ಸಲ ಆಗ ನಡೆದಿರುವುದು ಇಷ್ಟೇ: ಮುಂದಿನ ವಿಮಾನ ಓಡುದಾರಿಯನ್ನು ಇನ್ನೂ ಬಿಟ್ಟಿಲ್ಲ, ಯಾರೋ ಒಬ್ಬರು ಅದನ್ನು ಗಮನಿಸಿ ‘ಬೇಡ’ ಎಂದಿದ್ದಾರೆ. ಆ ‘ಬೇಡ’ ಗೋಪುರದಿಂದ ಬಂದಿರಬಹುದು, ಪಕ್ಕದ ಆಸನದ ಕಿರಿಯ ಚಾಲಕನಿಂದ ಬಂದಿರಬಹುದು. ಅದರಿಂದ ನಮಗಾದ ನಷ್ಟ ಕಾಲು ಗಂಟೆ. ಆಗದೆ ಉಳಿದ ನಷ್ಟದ ಲೆಕ್ಕ ಎಂದಿಗೂ ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ.

ಹೇಳಿದುದನ್ನು ಮರುನುಡಿಯುವುದು, ತಿಳಿಯದಿದ್ದರೆ ಕೇಳುವುದು, ಸಂಶಯವಿದ್ದರೆ ನಿಲ್ಲುವುದು, ತಪ್ಪಿದುದನ್ನು ಬರೆದಿಡುವುದು: ಓಡುದಾರಿಯನ್ನು ಕಾಯುವ ವಿದ್ಯೆಯ ಸಾರವೆಲ್ಲ ಈ ನಾಲ್ಕು ಮಾತುಗಳಲ್ಲಿದೆ. ಯಮಲೂರಿನ ಆಚೆಯ ಆ ಹಾದಿ ಹಗಲು ಇರುಳು ಬರಿದಾಗಿ ಬಿದ್ದಿರುವುದು ಕಂಡರೆ, ಯಾರೂ ಅಲ್ಲಿಲ್ಲವೆಂದು ತಿಳಿಯಬೇಡಿ. ಅದನ್ನು ಬರಿದಾಗಿಯೇ ಇಡಲು ಹಲವರು ಎಚ್ಚರವಾಗಿ ಕುಳಿತಿದ್ದಾರೆ.